ಗಾಜು ಒಡೆದ ಮೇಲೆ ಒಡೆಯ ಯಾರು?

ಕಳೆದ ಡಿಸೆಂಬರ್‌ನ ಒಂದು ಮುಂಜಾನೆ ನಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರ ಬಾಗಿಲು ಬಡಿದು, ‘ಸಾರ್, ನಿಮ್ ಗಾಡಿ ಹಿಂದಿನ ಗ್ಲಾಸು ಪುಡಿಪುಡಿ ಆಗಿದೆ, ಬಂದು ನೋಡಿ’ ಎಂದ. ಕೆಳಗಿಳಿದು ನೋಡಿದರೆ ನೆಲದ ಮೇಲೆ, ಬಂಪರಿನ ಮೇಲೆ, ಡಿಕ್ಕಿಯೊಳಗೆ ಕಲ್ಲುಸಕ್ಕರೆ ಚೆಲ್ಲಿದಂತೆ ಗಾಜಿನ ಹರಳುಗಳು. ಚೌಕಟ್ಟಿನ ಅಂಚಿನಲ್ಲಿ ಮಾತ್ರ, ಅಂಟಿಗೆ ಕಚ್ಚಿಕೊಂಡು ಎರಡು ಬೆರಳಗಲದ ಪಟ್ಟಿಯೊಂದು ಉಳಿದಿತ್ತು. ಒಳಗಿನ ಯಾವ ವಸ್ತುವೂ ಕಳವಾಗಿರಲಿಲ್ಲ. ಸುತ್ತಮುತ್ತ ಕಲ್ಲೂ ಇರಲಿಲ್ಲ, ಚೆಂಡೂ ಇರಲಿಲ್ಲ.

ವಾಹನ ನನ್ನದೆಂದು ಹೇಳಿಕೊಳ್ಳಲು ನನಗೆ ಸಂಕೋಚ. ಕಾಲೇಜಿನಲ್ಲಿ 35 ವರ್ಷ ವಾಣಿಜ್ಯಶಾಸ್ತ್ರ ಬೋಧಿಸಿ ನಿವೃತ್ತನಾದವನ ಕೈಗೆ ಎಟುಕುವಂಥದ್ದಲ್ಲ ಅದು. ದುಬಾರಿ ಎಸ್‌ಯುವಿ. ಮಗ ಕೊಂಡ, ಕೆಲಸ ಪುಣೆಗೆ ಬದಲಾದಾಗ ನನ್ನ ಪಾಲಿಗೆ ಬಿಟ್ಟುಹೋದ. ಗುಂಡಿ ಒತ್ತಿದರೆ ಹಿಂಬಾಗಿಲು ತಾನಾಗಿಯೇ ಏಳುತ್ತದೆ, ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಅದರ ಒಳಗುಟ್ಟು ನನಗೆ ತಿಳಿದದ್ದು ಅಷ್ಟೇ.

ಗಾಜು ಒಡೆದರೆ ಒಡೆದವನೊಬ್ಬ ಇರಲೇಬೇಕಲ್ಲ! ಪ್ರತಿದಿನ ಬೆಳಗಿನ ಐದೂವರೆಗೆ ಬಂದು ಹತ್ತು ಹದಿನೈದು ಕಾರು ತೊಳೆದು ಹೋಗುವ ಯಾದಗಿರಿ ಕಡೆಯ ಹುಡುಗನ ಮೇಲೆ ಎಲ್ಲರ ಕಣ್ಣು ಹೋಯಿತು. ನಮ್ಮ ಕಂಬದ ಹಿಂದಿನ ಜಾಗ ಕ್ಯಾಮೆರಾಕ್ಕೆ ಕಾಣುವುದಿಲ್ಲ. ‘ನಾನು ಬಂದಾಗ್ಲೇ ಹಿಂಗಿತ್ರೀ ಸರ’ ಎಂದು ಹುಡುಗ ಹೇಳಿದ. ಬಕೆಟ್ ತಾಗಿಸಿರಬೇಕು, ಹೆದರಿ ಸುಳ್ಳು ಹೇಳುತ್ತಿದ್ದಾನೆ ಎಂದು ಸಂಘದವರು ತೀರ್ಮಾನಿಸಿ, ವಿಷಯ ಇತ್ಯರ್ಥವಾಗುವ ತನಕ ಬರಬೇಡವೆಂದು ಅವನನ್ನು ಕಳುಹಿಸಿದರು. ನಾನು ಬೇಡವೆನ್ನಲಿಲ್ಲ. ಹೌದೆಂದೂ ಹೇಳಲಿಲ್ಲ. ಇಂಥ ಮೌನ ನಮ್ಮ ವರ್ಗಕ್ಕೆ ಚೆನ್ನಾಗಿ ರೂಢಿಯಾಗಿದೆ.

ಹಿಂದೆ ಪ್ಲಾಸ್ಟಿಕ್ ಹಾಳೆ ಅಂಟಿಸಿಕೊಂಡು ಅಧಿಕೃತ ಸೇವಾಕೇಂದ್ರಕ್ಕೆ ಹೋದೆ. ಹವಾನಿಯಂತ್ರಿತ ಕೊಠಡಿ, ಕಾಫಿ, ವಿನಯ, ಯಾವುದಕ್ಕೂ ಕೊರತೆಯಿಲ್ಲ. ಸಲಹೆಗಾರ ಯುವಕ ಟ್ಯಾಬ್ಲೆಟ್‌ನಲ್ಲಿ ಚಿತ್ರ ತೆಗೆದು, ಅಂದಾಜು ಪಟ್ಟಿ ಮುದ್ರಿಸಿಕೊಟ್ಟ: ಗಾಜು, ಅಂಟು, ಕ್ಲಿಪ್ಪುಗಳು, ಒಳಹೊದಿಕೆ, ಕೂಲಿ ಸೇರಿ 78 ಸಾವಿರ ರೂಪಾಯಿ. ಗಾಜು ಹೊರಗಿನಿಂದ ಬರಬೇಕು, ಮೂರರಿಂದ ನಾಲ್ಕು ವಾರ. ‘ಹೊರಗಡೆ ಮಾಡಿಸಿದರೆ ವಾರಂಟಿಗೆ ತೊಂದರೆಯಾಗುತ್ತೆ ಸಾರ್’ ಎಂದು ಕಾಳಜಿಯಿಂದಲೇ ಎಚ್ಚರಿಸಿದ. ಗಾಜು ಯಾಕೆ ಒಡೆಯಿತು ಎಂದು ಕೇಳಿದೆ. ಅವನು ಆಗಲೇ ಜಾಬ್ ಕಾರ್ಡಿನಲ್ಲಿ ‘ಎಕ್ಸ್‌ಟರ್ನಲ್ ಇಂಪ್ಯಾಕ್ಟ್’ ಎಂದು ಬರೆದಾಗಿತ್ತು. ಹೊರಗಿನ ಪೆಟ್ಟು. ಉಳಿದಿದ್ದ ಅಂಚಿನ ಪಟ್ಟಿಯನ್ನು ಅವನು ಬಗ್ಗಿಯೂ ನೋಡಿರಲಿಲ್ಲ. ಆ ಎರಡು ಪದಗಳು ಅಪಾರ್ಟ್‌ಮೆಂಟಿಗೆ ತಲುಪಿದರೆ ಹುಡುಗನ ಕಥೆ ಮುಗಿದಂತೆಯೇ.

ಸ್ನೇಹಿತರೊಬ್ಬರ ಮಾತಿನ ಮೇಲೆ ಮರುದಿನ ಜೆ.ಸಿ. ರಸ್ತೆಗೆ ಹೋದೆ. ನಾಟಕ ನೋಡಲು ರವೀಂದ್ರ ಕಲಾಕ್ಷೇತ್ರಕ್ಕೆ ಹೋಗುವವರು ವಾಹನ ನಿಲ್ಲಿಸಲು ಜಾಗ ಸಿಗದೆ ಶಪಿಸುವುದು ಇದೇ ರಸ್ತೆಯನ್ನು. ಬೆಂಗಳೂರಿನ ಮೋಟಾರು ಬಿಡಿಭಾಗಗಳ ವ್ಯಾಪಾರ ದಶಕಗಳಿಂದ ಬೀಡುಬಿಟ್ಟಿರುವುದೂ ಇಲ್ಲಿಯೇ. ಅಂಗಡಿಯ ಹಿರಿಯ ಕೆಲಸಗಾರರನ್ನು ಎಲ್ಲರೂ ಭಾಯಿ ಎನ್ನುತ್ತಿದ್ದರು. ಅವರು ದರದ ಮಾತೆತ್ತುವ ಮೊದಲು ಪ್ಲಾಸ್ಟಿಕ್ ಹಾಳೆ ಕಿತ್ತು, ಅಂಚಿನ ಪಟ್ಟಿಯ ಉದ್ದಕ್ಕೂ ಹೆಬ್ಬೆರಳು ಸರಿಸಿದರು. ಬಲಗಡೆಯ ಕೆಳಮೂಲೆಗೆ ಬಂದಾಗ ಬೆರಳು ನಿಂತಿತು. ಬಿರುಕಿನ ಗೆರೆಗಳೆಲ್ಲ ಅಲ್ಲಿ ಒಂದು ಚುಕ್ಕೆಗೆ ಬಂದು ಸೇರುತ್ತಿದ್ದವು. ‘ಇದು ಹೊರಗಿಂದ ಹೊಡೆದಿದ್ದಲ್ಲ ಸಾರ್. ಅಂಚಿಗೆ, ಒಳಗಿಂದ ಏಟು ಬಿದ್ದಿದೆ. ಡಿಕ್ಕೀಲಿ ಏನಾದ್ರೂ ಉದ್ದದ ಸಾಮಾನು ಹಾಕಿದ್ರಾ?’

ನನ್ನ ಮುಖ ಬೆಚ್ಚಗಾಯಿತು. ಒಂದು ವಾರದ ಹಿಂದೆ ಚಿಕ್ಕಪೇಟೆಯಿಂದ ಪರದೆ ಕಟ್ಟುವ ಕಬ್ಬಿಣದ ಸರಳು ತಂದಿದ್ದೆ. ಗುಂಡಿ ಒತ್ತಿದಾಗ ಇಳಿಯುತ್ತಿದ್ದ ಹಿಂಬಾಗಿಲು ಸರಳಿನ ತುದಿಗೆ ‘ಟಕ್’ ಎಂದು ತಾಗಿ, ತಾನಾಗಿಯೇ ಮತ್ತೆ ಮೇಲೆದ್ದಿತ್ತು. ಸರಳನ್ನು ಓರೆಮಾಡಿ ಇಟ್ಟು ಮನೆಗೆ ಬಂದೆ. ಗಾಜಿನಲ್ಲಿ ಏನೂ ಕಾಣಲಿಲ್ಲವಾದ್ದರಿಂದ ಮರೆತೂಬಿಟ್ಟೆ.

ವಾರದ ಹಿಂದಿನ ಪೆಟ್ಟಿಗೆ ಗಾಜು ಈಗ ಒಡೆಯುವುದುಂಟೇ ಎಂದು ನಾನೂ ಕೇಳಿದೆ. ಉಂಟು. ಇಂದು ಕಾರುಗಳ ಮುಂದಿನ ಗಾಜು ಎರಡು ಪದರಗಳದ್ದು, ನಡುವೆ ಪ್ಲಾಸ್ಟಿಕ್ಕಿನ ತೆಳುಹಾಳೆ, ಲ್ಯಾಮಿನೇಟೆಡ್ ಎನ್ನುತ್ತಾರೆ. ಕಲ್ಲು ಬಿದ್ದರೆ ಬಿರುಕು ಬಿಡುತ್ತದೆ, ಚೂರಾಗಿ ಮೈಮೇಲೆ ಬೀಳುವುದಿಲ್ಲ. ಸಣ್ಣ ಗಾಯವಾದರೆ ರಾಳ ತುಂಬಿ ಸರಿಪಡಿಸಲೂಬಹುದು. ಹಿಂದಿನ ಗಾಜು ಸಾಮಾನ್ಯವಾಗಿ ಒಂದೇ ಪದರದ ಟಫನ್ಡ್ ಗಾಜು. ಅದನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾಯಿಸಿ, ರಭಸದ ಗಾಳಿಯಿಂದ ಒಮ್ಮೆಗೇ ತಣಿಸುತ್ತಾರೆ. ಮೇಲ್ಮೈ ಮೊದಲು ಗಟ್ಟಿಯಾಗುತ್ತದೆ, ಒಳಭಾಗ ತಡವಾಗಿ ತಣಿದು ಕುಗ್ಗಲು ಹೆಣಗುತ್ತದೆ. ಹೀಗೆ ಹೊರಮೈ ಸದಾ ಒತ್ತಡದಲ್ಲಿ, ಒಳಗು ಸದಾ ಎಳೆತದಲ್ಲಿ ಉಳಿಯುತ್ತವೆ. ಆ ಜಗ್ಗಾಟವೇ ಅದರ ಬಲ. ನಡುವೆ ಗುದ್ದಿದರೂ ತಡೆಯುವ ಗಾಜಿಗೆ ಅಂಚೇ ಮರ್ಮಸ್ಥಾನ. ಅಲ್ಲಿ ಆದ ಕಣ್ಣಿಗೆ ಕಾಣದ ಗಾಯ ಆ ಕ್ಷಣಕ್ಕೆ ಸುಮ್ಮನಿದ್ದು, ದಿನಗಳ ಬಳಿಕ ಹಗಲ ಬಿಸಿಲು, ಇರುಳ ಚಳಿಗಳ ಏರುಪೇರಿನಲ್ಲಿ ಒಳಗಿನ ಎಳೆತದ ಪದರವನ್ನು ಮುಟ್ಟಿದರೆ, ಇಡೀ ಗಾಜು ಒಂದೇ ಉಸಿರಿಗೆ ಹರಳುಹರಳಾಗುತ್ತದೆ. ಚೂಪಾದ ಈಟಿಗಳ ಬದಲು ಮೊಂಡು ಹರಳುಗಳಾಗಲಿ ಎಂಬುದೇ ಅದರ ಉದ್ದೇಶ. ಒಮ್ಮೆ ಹೀಗೆ ಹದಮಾಡಿದ ಗಾಜನ್ನು ಆಮೇಲೆ ಕತ್ತರಿಸುವಂತಿಲ್ಲ, ರಂಧ್ರ ಕೊರೆಯುವಂತಿಲ್ಲ, ಬೆಸೆಯುವಂತಿಲ್ಲ. ಒಡೆದರೆ ಹೊಸದನ್ನೇ ಹಾಕಬೇಕು.

ಭಾಯಿ ಇಷ್ಟು ವಿಜ್ಞಾನ ಹೇಳಲಿಲ್ಲ. ನಾನು ಮನೆಗೆ ಬಂದು ಓದಿಕೊಂಡೆ. ಅವರಿಗೆ ಗೆರೆ ಓದಲು ಬರುತ್ತಿತ್ತು. ಸೇವಾಕೇಂದ್ರದ ಟ್ಯಾಬ್ಲೆಟ್‌ಗೆ ಬಾರದ ಆ ಓದು ಒಬ್ಬ ಹುಡುಗನ ಅನ್ನವನ್ನು ಉಳಿಸಿತು.

ಅವರು ಕೇಳಿದ ಬೆಲೆ 31 ಸಾವಿರ. ಗಾಜು ಯಾವುದೋ ನಕಲಿಯೇ ಎಂದು ನಾನು ಅನುಮಾನಿಸಿದ್ದನ್ನು ಒಪ್ಪಿಕೊಳ್ಳಬೇಕು. ಮೂಲೆಯ ಮುದ್ರೆ ತೋರಿಸಿದರು. ನನ್ನ ವಾಹನದ ಪಕ್ಕದ ಗಾಜುಗಳ ಮೇಲಿದ್ದ ತಯಾರಕರ ಗುರುತೇ ಅದರ ಮೇಲೂ ಇತ್ತು. ಕಾರು ಕಂಪೆನಿಗಳು ಸಾಮಾನ್ಯವಾಗಿ ಗಾಜು ಮಾಡುವುದಿಲ್ಲ. ಗಾಜಿನ ಕಾರ್ಖಾನೆಗಳಿಂದ ಕೊಂಡು ತಮ್ಮ ಹೆಸರಿನ ಪೆಟ್ಟಿಗೆಯಲ್ಲಿ ಇಡುತ್ತವೆ. ಪೆಟ್ಟಿಗೆಗೆ ನಾವು ಎಷ್ಟು ಕೊಡುತ್ತಿದ್ದೇವೆ ಎಂಬುದನ್ನು ನಾನು ಆ ದಿನ ಲೆಕ್ಕಹಾಕಿದೆ.

ಜೋಡಿಸುವ ಕೆಲಸವನ್ನು ನಿಂತು ನೋಡಿದೆ. ನನ್ನ ಕಾಲದ ಅಂಬಾಸಿಡರ್‌ಗಳಿಗೆ ಗಾಜು ಕೂರಿಸುತ್ತಿದ್ದುದು ರಬ್ಬರ್ ಬೀಡಿಂಗಿನಲ್ಲಿ. ಬೀಡಿಂಗಿನ ಸೀಳಿಗೆ ಹುರಿ ಸುತ್ತಿ, ಸೋಪಿನ ನೀರು ಸವರಿ, ಹೊರಗಿನಿಂದ ಒಬ್ಬ ಗಾಜು ಒತ್ತಿಹಿಡಿದರೆ ಒಳಗಿನಿಂದ ಇನ್ನೊಬ್ಬ ಹುರಿ ಎಳೆಯುತ್ತಿದ್ದ. ರಬ್ಬರಿನ ತುಟಿ ಚೌಕಟ್ಟಿನ ಮೇಲೆ ಕೂರುತ್ತಿತ್ತು. ತುಮಕೂರಿನ ರಸ್ತೆಬದಿಯಲ್ಲಿ ಅರ್ಧ ಗಂಟೆಯ ಕೆಲಸ. ಈಗಿನ ಗಾಜು ಪಾಲಿಯುರೆಥೇನ್ ಅಂಟಿನಿಂದ ಲೋಹಕ್ಕೆ ಬೆಸೆದಿರುತ್ತದೆ. ಹಳೆಯ ಅಂಟನ್ನು ಹರಿತವಾದ ತಂತಿಯಿಂದ ಕೊಯ್ದು, ಬಣ್ಣಕ್ಕೆ ಗೀರು ಬೀಳದಂತೆ ಕೆರೆದು, ಪ್ರೈಮರ್ ಹಚ್ಚಿ, ಹೊಸ ಅಂಟನ್ನು ಒಂದೇ ಎತ್ತರದ ಬತ್ತಿಯಾಗಿ ಹಾಕಬೇಕು. ಗಾಜಿನ ಮೇಲಿನ ತೆಳು ಕಂದುಗೆರೆಗಳು ಮಂಜು ಕರಗಿಸುವ ಬೆಳ್ಳಿಯ ವಾಹಕಗಳು. ಅವುಗಳ ವಿದ್ಯುತ್ ಕೊಂಡಿ ಕೂಡಿಸಬೇಕು. ವೈಪರ್ ಮತ್ತೆ ಜೋಡಿಸಬೇಕು. ಎಲ್ಲ ಮುಗಿದ ಮೇಲೆ ಭಾಯಿ ಹೇಳಿದರು: ‘ಇವತ್ತು ಬಾಗಿಲು ಜೋರಾಗಿ ಹಾಕ್ಬೇಡಿ, ಕಿಟಕಿ ಒಂದು ಬೆರಳಷ್ಟು ಇಳಿಸಿಡಿ. ಒಳಗಿನ ಗಾಳಿ ಹಸಿ ಅಂಟನ್ನು ತಳ್ಳಿಬಿಡುತ್ತೆ.’

ಇಲ್ಲಿಗೆ ಮುಗಿದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಕೆಲಸಕ್ಕಾಗಿ ಬ್ಯಾಟರಿಯ ತಂತಿ ಬಿಚ್ಚಿದ್ದರಿಂದ ಹಿಂಬಾಗಿಲಿನ ಮೋಟಾರು ತನ್ನ ಸ್ಥಾನವನ್ನು ಮರೆತಿತ್ತು. ಗುಂಡಿ ಒತ್ತಿದರೆ ಅರ್ಧಕ್ಕೆ ನಿಂತು ಎಚ್ಚರಿಕೆಯ ದೀಪ ಮಿನುಗಿಸತೊಡಗಿತು. ಅದನ್ನು ಸರಿಪಡಿಸಲು ಕಂಪೆನಿಯ ತಪಾಸಣಾ ಯಂತ್ರವೂ ತಂತ್ರಾಂಶವೂ ಬೇಕು. ಅವು ಅಧಿಕೃತ ಕೇಂದ್ರದ ಬಳಿ ಮಾತ್ರ ಇವೆ. ಭಾಯಿಯ ಕೈಯಲ್ಲಿ ವಿದ್ಯೆಯಿತ್ತು, ಬೀಗದ ಕೈ ಇರಲಿಲ್ಲ. ಹತ್ತು ನಿಮಿಷದ ಆ ಕೆಲಸಕ್ಕೆ ಸೇವಾಕೇಂದ್ರ ನನ್ನಿಂದ 4,500 ರೂಪಾಯಿ ಪಡೆದು, ವಾಹನದ ದಾಖಲೆಯಲ್ಲಿ ‘ಹೊರಗಿನ ಕೆಲಸ ನಡೆದಿದೆ’ ಎಂದು ಬರೆಯಿತು.

ಇದು ನನ್ನೊಬ್ಬನ ಗೋಳಲ್ಲ, ಹೊಸದೂ ಅಲ್ಲ. 2011ರಲ್ಲಿ ಶಂಶೇರ್ ಕಟಾರಿಯಾ ಎಂಬುವರು ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಇದೇ ದೂರನ್ನು ಒಯ್ದರು. ಬಿಡಿಭಾಗಗಳು, ತಪಾಸಣಾ ಉಪಕರಣಗಳು, ದುರಸ್ತಿಯ ಕೈಪಿಡಿಗಳು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಕಾರು ಕಂಪೆನಿಗಳು ತಡೆಯುತ್ತಿವೆ ಎಂಬುದು ಅದರ ಸಾರ. ಆಯೋಗ ತನಿಖೆಯನ್ನು ವಿಸ್ತರಿಸಿ, 2014ರ ಆಗಸ್ಟ್ 25ರಂದು 14 ಕಂಪೆನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತು. ಬಿಡಿಭಾಗ ಪೂರೈಸುವ ಕಾರ್ಖಾನೆಗಳು ಮುಕ್ತ ಮಾರುಕಟ್ಟೆಗೆ ನೇರವಾಗಿ ಮಾರದಂತೆ ಕಟ್ಟಿಹಾಕುವ ಒಪ್ಪಂದಗಳನ್ನು ಆಕ್ಷೇಪಿಸಿತು. ಹೊರಗೆ ದುರಸ್ತಿ ಮಾಡಿಸಿದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದುಮಾಡುವ ಷರತ್ತು ಸಲ್ಲದು, ಆ ದುರಸ್ತಿಯ ದೋಷದಿಂದಾದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದಿತು. ಆದೇಶ ಮೇಲ್ಮನವಿಗಳ ಹಾದಿ ಹಿಡಿಯಿತು. 2016ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಮೂರು ಕಂಪೆನಿಗಳ ಮಟ್ಟಿಗೆ ಆಯೋಗದ ನಿಲುವನ್ನು ಎತ್ತಿಹಿಡಿದರೂ ದಂಡದ ಲೆಕ್ಕವನ್ನು ಕಿರಿದುಗೊಳಿಸಿತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿಯೇ ವಾಹನ ದುರಸ್ತಿಯ ಹಕ್ಕಿಗೆ ಮತ ಹಾಕಿದ್ದರು. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ರಚಿಸಿತು, ಅದೇ ಡಿಸೆಂಬರ್‌ನಲ್ಲಿ ಪೋರ್ಟಲ್ ತೆರೆಯಿತು. ಪೋರ್ಟಲ್ ಒಳ್ಳೆಯದೇ, ಆದರೆ ಅದು ಕಾಯಿದೆಯಲ್ಲ. ಜೆ.ಸಿ. ರಸ್ತೆಯ ಕೆಲಸಗಾರನಿಗೆ ತಪಾಸಣಾ ತಂತ್ರಾಂಶವನ್ನು ನ್ಯಾಯವಾದ ಬೆಲೆಗೆ ಕೊಡಲೇಬೇಕೆಂಬ ಕಟ್ಟಳೆ ಬೇಕು.

ಕಂಪೆನಿಗಳ ವಾದದಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಮುಂದಿನ ಗಾಜಿನ ಹಿಂದೆ ಈಗ ರಸ್ತೆ ನೋಡುವ ಕ್ಯಾಮೆರಾ ಕೂತಿರುತ್ತದೆ. ಗಾಜು ಬದಲಿಸಿದ ಮೇಲೆ ಅದನ್ನು ಮತ್ತೆ ಕರಾರುವಾಕ್ಕಾಗಿ ಹೊಂದಿಸದಿದ್ದರೆ ವಾಹನ ಇಲ್ಲದ ಅಡ್ಡಿಗೆ ಬ್ರೇಕು ಹಾಕೀತು. ಅಂಟು ಸರಿಯಿಲ್ಲದಿದ್ದರೆ ಅಪಘಾತದಲ್ಲಿ ಗಾಜು ಕಳಚಿ ಬಿದ್ದೀತು. ಅರೆಬರೆ ಕಲಿತವರ ಕೈಗೆ ಇದನ್ನೆಲ್ಲ ಒಪ್ಪಿಸುವುದು ಅಪಾಯವೇ. ಹಾಗಿದ್ದರೆ ಕಲಿಸಬೇಕು, ಪರೀಕ್ಷಿಸಿ ಪ್ರಮಾಣಪತ್ರ ಕೊಡಬೇಕು. ಕಲಿಯುವ ದಾರಿಯನ್ನೇ ಮುಚ್ಚಿಟ್ಟು, ಆಮೇಲೆ ‘ಅವರಿಗೆ ಗೊತ್ತಿಲ್ಲ’ ಎನ್ನುವುದನ್ನು ನಾನು ಮೇಷ್ಟ್ರಾಗಿ ಒಪ್ಪಲಾರೆ.

ವಿಮೆ ಇತ್ತಲ್ಲ ಎಂದು ಕೇಳುವವರಿಗೆ ಒಂದು ಮಾತು. ಸಮಗ್ರ ಪಾಲಿಸಿಗಳಲ್ಲಿ ಗಾಜಿಗೆ ಸವಕಳಿ ಕಡಿತವಿಲ್ಲ. ರಬ್ಬರ್, ಪ್ಲಾಸ್ಟಿಕ್ಕಿಗಾದರೆ ಶೇ 50ರಷ್ಟಿದೆ. 1,500 ಸಿಸಿ ಮೀರಿದ ಕಾರಿಗೆ ಕಡ್ಡಾಯವಾಗಿ ನಾವು ಭರಿಸಬೇಕಾದ್ದು 2,000 ರೂಪಾಯಿ. ಕೇಳಲು ಹಿತವೇ. ಆದರೆ ಪ್ರತ್ಯೇಕ ರಕ್ಷಣೆ ಕೊಂಡಿರದಿದ್ದರೆ, ಒಂದು ಗಾಜಿಗಾಗಿ ಕ್ಲೇಮು ಮಾಡಿದೊಡನೆ ಶೇ 20ರಿಂದ ಮೆಟ್ಟಿಲೇರಿ ಶೇ 50ರವರೆಗೆ ಹೋಗುವ ‘ನೋ ಕ್ಲೇಮ್’ ರಿಯಾಯಿತಿ ಸೊನ್ನೆಗೆ ಇಳಿಯುತ್ತದೆ. ಮಗ ಆ ರಕ್ಷಣೆ ಕೊಂಡಿರಲಿಲ್ಲ. ಲೆಕ್ಕಹಾಕಿ ಸುಮ್ಮನಾದೆ.

ಸಂಘದ ಸಭೆಯಲ್ಲಿ ಸರಳಿನ ಕಥೆಯನ್ನು ನಾನೇ ಹೇಳಿದೆ. ಕೆಲವರು ನಕ್ಕರು. ‘ಇರಲಿ ಬಿಡಿ ಸಾರ್, ಅವರಿಗೂ ಸ್ವಲ್ಪ ಭಯ ಇರಬೇಕು’ ಎಂದರೊಬ್ಬರು. ಹುಡುಗನಿಗೆ ಐದು ದಿನಗಳ ದುಡಿಮೆ ಹೋಗಿತ್ತು. ಅದನ್ನು ಕೊಟ್ಟು, ತಪ್ಪಾಯಿತಪ್ಪಾ ಎಂದೆ. ‘ಇರ್ಲಿ ಬಿಡ್ರೀ ಸರ’ ಎಂದು ದುಡ್ಡನ್ನು ಎಣಿಸದೆ ಜೇಬಿಗೆ ಹಾಕಿಕೊಂಡ. ಮರುದಿನದಿಂದ ಕೆಲಸಕ್ಕೆ ಬರುತ್ತಿದ್ದಾನೆ. ಈಗ ಬಕೆಟ್ ಕೆಳಗಿಟ್ಟವನು ಮೊದಲು ಮೊಬೈಲು ತೆಗೆದು, ಪ್ರತಿಯೊಂದು ಕಾರಿನ ನಾಲ್ಕೂ ಕಡೆಯ ಚಿತ್ರ ತೆಗೆದುಕೊಳ್ಳುತ್ತಾನೆ. ಆಮೇಲೆ ಬಟ್ಟೆ ಅದ್ದುತ್ತಾನೆ.