ಮೂಕಪ್ರಾಣಿಯ ಜ್ವರ

ಮೂಗು ಒಣಗಿದ್ದರೆ ನಾಯಿಗೆ ಜ್ವರವೆಂದು ಅನೇಕ ಮನೆಗಳಲ್ಲಿ ನಂಬುತ್ತಾರೆ. ನಿದ್ದೆಯಿಂದೆದ್ದ ಆರೋಗ್ಯವಂತ ನಾಯಿಯ ಮೂಗೂ ಒಣಗಿರುವುದುಂಟು. ಮೈ ಮುಟ್ಟಿ ನೋಡಿದರೂ ನಿಜ ತಿಳಿಯದು. ಅದರ ಸಹಜ ಉಷ್ಣತೆಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ಮನುಷ್ಯರಿಗಿಂತ ಹೆಚ್ಚು. ಆ ಬಿಸಿಯನ್ನೇ ಜ್ವರವೆಂದು ಬಗೆದು ಪ್ಯಾರಾಸಿಟಮಾಲ್ ಮಾತ್ರೆ ತಿನ್ನಿಸುವವರನ್ನು ನಾವು ಬಲ್ಲೆವು. ಅದು ನಾಯಿಯ ಯಕೃತ್ತಿಗೂ ರಕ್ತಕ್ಕೂ ವಿಷವಾಗಬಲ್ಲದು. ಆದ್ದರಿಂದ ಅಳೆದೇ ತಿಳಿಯಬೇಕು.

ಗುದದಲ್ಲಿ ಅಳೆಯುವುದೇ ಹೆಚ್ಚು ನಿಖರವೆಂಬುದನ್ನು ನಾವು ಅಲ್ಲಗಳೆಯೆವು. ಆದರೆ ನಾಲ್ವರು ಅದುಮಿ ಹಿಡಿದರೆ ಪ್ರಾಣಿ ಬೆದರುತ್ತದೆ. ಬೆದರಿ ಒದ್ದಾಡಿದರೆ ಉಷ್ಣತೆಯೂ ಏರುತ್ತದೆ. ಅಂತಹ ನಾಯಿಗೆ, ಮುಂಗಾಲಿನ ಕಂಕುಳಲ್ಲಿ ಕೂದಲು ಸರಿಸಿ, ಡಿಜಿಟಲ್ ಥರ್ಮಾಮೀಟರಿನ ತುದಿಯನ್ನು ಚರ್ಮಕ್ಕೆ ತಾಗುವಂತಿಟ್ಟು, ಸದ್ದಾಗುವವರೆಗೆ ಕಾಲನ್ನು ಮೆಲ್ಲಗೆ ಮೈಗೆ ಒತ್ತಿ ಹಿಡಿಯುವುದು ಲೇಸು. ನೆಲದ ಮೇಲೆಯೇ ಮಲಗಿರಲಿ. ಅದಕ್ಕೆ ಒಗ್ಗಿದವರೊಬ್ಬರು ತಲೆ ಸವರುತ್ತಿರಲಿ. ಇಲ್ಲಿ ಅಂಕಿ ಸುಮಾರು ಒಂದು ಡಿಗ್ರಿ ಕಡಮೆ ಬರುತ್ತದೆ. ಈ ವ್ಯತ್ಯಾಸ ಎಲ್ಲ ನಾಯಿಗಳಿಗೂ ಒಂದೇ ಅಲ್ಲವಾದುದರಿಂದ, ಆರೋಗ್ಯದಲ್ಲಿದ್ದಾಗಲೇ ಕೆಲವು ದಿನ ಅಳೆದು ಬರೆದಿಡಬೇಕು, ಅದಕ್ಕೂ ರೂಢಿಯಾಗುತ್ತದೆ. ಪಾದರಸದ ಗಾಜಿನ ಕಡ್ಡಿ ಬೇಡ, ಒಡೆದೀತು. ಕಂಕುಳಲ್ಲಿಯೇ 103 ತೋರಿದರೆ ಪಶುವೈದ್ಯರಲ್ಲಿಗೆ ಒಯ್ಯಲು ತಡಮಾಡಬಾರದು. ಅಳೆದ ಥರ್ಮಾಮೀಟರು ನಾಯಿಗೇ ಮೀಸಲಾಗಿರಲಿ.