ಸೀಲಿನ ಸವೆತ: ಖಾತೆಗೆ ಬಾರದ ನಷ್ಟ

ಬಳ್ಳಾರಿಯ ಅದಿರು ತುಂಬುವ ಲೋಡರುಗಳಿಗೂ ಸಿರುಗುಪ್ಪ, ಕುರುಗೋಡು ಭಾಗದ ಭತ್ತ ಕಟಾವು ಯಂತ್ರಗಳಿಗೂ ಸಮಾನವಾದ ಒಂದು ದುರ್ಬಲ ಸ್ಥಾನವಿದೆ: ಹೈಡ್ರಾಲಿಕ್ ಸಿಲಿಂಡರಿನ ರಬ್ಬರ್ ಸೀಲು. ಅದಿರಿನ ಧೂಳಾಗಲಿ, ಸಿಲಿಕಾಯುಕ್ತ ಹೊಟ್ಟಿನ ಧೂಳಾಗಲಿ ರಾಡಿಗೆ ಅಂಟಿ ಒಳಸೇರಿದರೆ ಸೀಲಿನ ಅಂಚು ಉಜ್ಜಿ ಸವೆಯುತ್ತದೆ, ಎಣ್ಣೆ ಸೋರುತ್ತದೆ.

ಪರಿಹಾರ ಕಠಿಣವಲ್ಲ. ಧೂಳು ತಡೆಯುವ ವೈಪರ್ ಸೀಲನ್ನು ಸಕಾಲದಲ್ಲಿ ಬದಲಿಸಬೇಕು. ಗೀರು ಬಿದ್ದ ರಾಡಿಗೆ ಮೊದಲು ಕ್ರೋಮ್ ಮರುಲೇಪನ ಮಾಡಿಸಬೇಕು. ಎಣ್ಣೆಯ ಫಿಲ್ಟರನ್ನು ಕಡೆಗಣಿಸಬಾರದು. ರಬ್ಬರಿನ ಮೇಲೆ ಟೆಫ್ಲಾನ್ ಉಂಗುರವಿರುವ ಸೀಲು, ಸಿಲಿಂಡರಿನ ವಿನ್ಯಾಸಕ್ಕೆ ಹೊಂದುವಲ್ಲಿ, ಘರ್ಷಣೆಯನ್ನು ಗಣನೀಯವಾಗಿ ತಗ್ಗಿಸುತ್ತದೆ.

ಆದರೂ ಖರೀದಿಯಲ್ಲಿ ಕನಿಷ್ಠ ದರವೇ ಗೆಲ್ಲುವುದುಂಟು. ಸೀಲಿನ ಬೆಲೆ ದುರಸ್ತಿ ಖಾತೆಯಲ್ಲಿ ಕಾಣುತ್ತದೆ. ಸೋರಿದ ಎಣ್ಣೆ ಇನ್ನೊಂದು ಖಾತೆಗೆ ಸೇರುತ್ತದೆ. ಹಂಗಾಮಿನಲ್ಲಿ ಯಂತ್ರ ನಿಂತ ದಿನದ ಬಾಡಿಗೆ ಯಾವ ಖಾತೆಗೂ ಬರುವುದಿಲ್ಲ. ಆ ದಿನ ಗದ್ದೆಯಲ್ಲಿಯೇ ಉದುರಿದ ಕಾಳು ರೈತನ ನಷ್ಟ.

ಉದಾಹರಣೆಗೆ, 200 ರೂಪಾಯಿಯ ಸೀಲು 400 ಗಂಟೆ, 500 ರೂಪಾಯಿಯದು 2,000 ಗಂಟೆ ಬಾಳಿತೆನ್ನೋಣ. ಗಂಟೆಯೊಂದಕ್ಕೆ ಮೊದಲನೆಯದರ ವೆಚ್ಚ 50 ಪೈಸೆ, ಎರಡನೆಯದರದು 25 ಪೈಸೆ. ಅಗ್ಗವೆನಿಸಿದ್ದೇ ದುಬಾರಿ! ಆದ್ದರಿಂದ ಸದಸ್ಯ ಉದ್ಯಮಿಗಳು ಪ್ರತಿ ಯಂತ್ರಕ್ಕೂ ಪ್ರತ್ಯೇಕ ಪುಟವಿರಿಸಿ, ಸೀಲು ಹಾಕಿದ ದಿನಾಂಕ, ದುಡಿದ ಗಂಟೆ, ಮರುತುಂಬಿದ ಎಣ್ಣೆ, ನಿಂತ ಗಂಟೆಗಳನ್ನು ತಪ್ಪದೆ ಬರೆಯಿಸುವುದು ಒಳಿತು.