ಬೆಳ್ಳಂದೂರಿನ ನೊರೆ ಯಾವ ಡಿಪಾರ್ಟ್‌ಮೆಂಟಿಗೆ ಸೇರಿದ್ದು?

ಕನ್ನಡದ ಹುಡುಗ ಹುಡುಗಿಯರೇ,

ಪರೀಕ್ಷೆ ಬಂತೆಂದರೆ ನನ್ನ ಪ್ರೆಸ್ಸಿಗೆ ಸುಗ್ಗಿ. ಒಮ್ಮೆ ಪರಿಸರ ಅಧ್ಯಯನದ ಗೈಡೂ ಬಂತು. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಮೂರಕ್ಕೂ ಒಂದೇ ಗೈಡು, ರಕ್ಷಾಪುಟದ ಬಣ್ಣ ಮಾತ್ರ ಬೇರೆ. ಪ್ರೂಫ್ ನೋಡುತ್ತಾ ಓದಿದೆ. ಓಝೋನ್ ಪದರ ಇತ್ತು, ಅಮೆಜಾನ್ ಕಾಡಿತ್ತು. ನಮ್ಮ ಒಂದೇ ಒಂದು ಕೆರೆಯ ಹೆಸರಿರಲಿಲ್ಲ. ನಾನು ಓದಿದ್ದು ಪಿಯುಸಿ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ. ಆದರೂ ಕೇಳುತ್ತೇನೆ, ಇದೇನ್ರಪ್ಪಾ ಇದು?

ವಕೀಲ ಎಂ.ಸಿ. ಮೆಹ್ತಾ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಪರಿಸರವನ್ನು ಕಡ್ಡಾಯವಾಗಿ ಕಲಿಸಿ ಎಂದದ್ದು 1991ರಲ್ಲಿ. ಪದವಿ ತರಗತಿಗಳಿಗೆ ಯುಜಿಸಿಯ ಆರು ತಿಂಗಳ ಪಠ್ಯ ಬರಲು ಅಲ್ಲಿಂದ ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಬಂದ ಮೇಲಾದರೂ ಏನಾಯಿತು? ಪಾಸಾದರೆ ಸಾಕು ಎನ್ನುವ ಪೇಪರ್ ಆಯಿತು. ಯಾವ ಮೇಷ್ಟ್ರಿಗೆ ಬಿಡುವಿದೆಯೋ ಅವರ ತಲೆಗೆ ಕಟ್ಟುವ ಪೇಪರ್!

ಬೆಳ್ಳಂದೂರು ಕೆರೆಯನ್ನೇ ತೆಗೆದುಕೊಳ್ಳಿ. ಸುಮಾರು 900 ಎಕರೆ. 2015ರಲ್ಲಿ ಅದರ ನೊರೆಗೇ ಬೆಂಕಿ ಹತ್ತಿತು. 2018ರ ಜನವರಿಯಲ್ಲಿ ಕೆರೆಯಂಗಳ ಹೊತ್ತಿ ಉರಿದಾಗ ಆರಿಸಲು ಸೈನಿಕರು ಬರಬೇಕಾಯಿತು. ನೊರೆ ಎಲ್ಲಿಂದ ಬಂತು ಎಂದರೆ ರಸಾಯನಶಾಸ್ತ್ರದ ಹುಡುಗಿ ಹೇಳುತ್ತಾಳೆ: ನಮ್ಮ ಬಚ್ಚಲಿನ ಸೋಪಿನ ಪುಡಿಯಿಂದ. ಶುದ್ಧಿಯಾಗದ ಚರಂಡಿ ನೀರು ವರ್ಷಗಟ್ಟಲೆ ಸೇರಿ ಹೂಳಿನಲ್ಲಿ ಕೂತ ಅಂಶವೆಲ್ಲ ಮಳೆಗೆ ಕದಡಿ, ಕೋಡಿಯಲ್ಲಿ ಧುಮುಕುವಾಗ ನೊರೆಯಾಗಿ ಏಳುತ್ತದೆ. ಸರಿ. ಆದರೆ ಚರಂಡಿ ನೀರು ಕೆರೆಗೆ ಯಾಕೆ ಬಂತು? ಅದನ್ನು ಸಿವಿಲ್ ಎಂಜಿನಿಯರಿಂಗ್‌ನವನು ಹೇಳಬೇಕು. ರಾಜಕಾಲುವೆ ಕಿರಿದಾಗುತ್ತಾ ಬಂದಾಗ ಯಾರ ಜೇಬು ಹಿಗ್ಗಿತು? ಬಿ.ಕಾಂ. ಹುಡುಗ ಲೆಕ್ಕ ಹಾಕಲಿ. ನೋಟಿಸು ಕೊಟ್ಟರೂ ಕಟ್ಟಡ ಏಕೆ ಏಳುತ್ತದೆ ಎಂಬುದು ಕಾನೂನು ಕಾಲೇಜಿನ ಪಾಠ.

ಇತಿಹಾಸದವರೇಕೆ ಸುಮ್ಮನಿದ್ದಾರೆ? ಬೆಂಗಳೂರಿಗೆ ಜೀವನದಿಯಿಲ್ಲ. ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಕೆರೆಗಳ ಸರಪಳಿ ಕಟ್ಟಿದವರು ನಮ್ಮ ಹಿರಿಯರು. ಕೆರೆ ಕಟ್ಟಿದವರಿಗೆ, ಕಾಯ್ದವರಿಗೆ ಭೂಮಿ ಬಿಟ್ಟುಕೊಟ್ಟ ಶಾಸನಗಳು ನಾಡಿನ ತುಂಬ ಇವೆ. ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಮಾತುಗಳು ಅಲ್ಲಿಯವೇ. ತೂಬು, ಕೋಡಿ, ಏರಿ, ನೀರುಗಂಟಿ - ಈ ಪದಗಳು ಕನ್ನಡ ಎಂ.ಎ. ವಿದ್ಯಾರ್ಥಿಗೆ ಗೊತ್ತು, ಎಂಜಿನಿಯರಿಂಗ್ ವಿದ್ಯಾರ್ಥಿಗೆ ಗೊತ್ತಿಲ್ಲ. ನೀರಿನ ಹರಿವು ಇವನಿಗೆ ಗೊತ್ತು, ಅವನಿಗಿಲ್ಲ. ಇಬ್ಬರೂ ಒಂದೇ ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಾರೆ! ಧರ್ಮಾಂಬುಧಿ ಕೆರೆಯ ಜಾಗದಲ್ಲಿ ನಿಂತ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿ ಮನೆಗೆ ಹೋಗುತ್ತಾರೆ.

ಇದು ಬರೀ ಬೆಂಗಳೂರಿನ ತಾಪತ್ರಯವಲ್ಲ. 2018ರಿಂದ ನಮ್ಮ ಚರಂಡಿ ನೀರನ್ನು ಎರಡು ಹಂತ ಶುದ್ಧಿ ಮಾಡಿ ಕೋಲಾರದ ಕೆರೆಗಳಿಗೆ ಪಂಪು ಮಾಡುತ್ತಿದ್ದಾರೆ. ಬತ್ತಿದ ಕೆರೆಗೆ ನೀರು ಬಂತಲ್ಲ ಎಂಬ ಸಂತೋಷ ಒಂದು ಕಡೆ. ಮೂರನೇ ಹಂತದ ಶುದ್ಧಿ ಯಾಕಿಲ್ಲ, ಆ ನೀರು ಅಂತರ್ಜಲಕ್ಕೆ, ಟೊಮೆಟೊಗೆ, ಹಾಲಿಗೆ ಏನು ಮಾಡೀತು ಎಂಬ ಅಲ್ಲಿನ ರೈತರ ದಿಗಿಲು ಇನ್ನೊಂದು ಕಡೆ. ಅವರಿಗೆ ಉತ್ತರ ಹೇಳುವವರು ಯಾರು? ಕೃಷಿ ವಿವಿಯೋ, ವೈದ್ಯ ಕಾಲೇಜೋ, ಭೂಗರ್ಭ ಶಾಸ್ತ್ರವೋ? ಒಬ್ಬರಿಂದ ಆಗುವ ಕೆಲಸವಲ್ಲ. ಹೇಳಿದರೂ ಇಂಗ್ಲಿಷ್ ವರದಿಯಲ್ಲಿ ಹೇಳಿದರೆ ಆ ರೈತ ಓದುವುದು ಹೇಗೆ?

ಶಿವರಾಮ ಕಾರಂತರು ಯಾವ ಡಿಪಾರ್ಟ್‌ಮೆಂಟಿನವರು ಸ್ವಾಮಿ? ಕಾದಂಬರಿ ಬರೆದರು, ಯಕ್ಷಗಾನ ಕುಣಿಸಿದರು, ಮಕ್ಕಳಿಗೆ ವಿಜ್ಞಾನ ಬರೆದರು. ಕೈಗಾ ಅಣುಸ್ಥಾವರ ಬೇಡವೆಂದು ನಿಂತು 1989ರಲ್ಲಿ ಲೋಕಸಭೆಗೂ ಸ್ಪರ್ಧಿಸಿ ಸೋತರು. ಅವರನ್ನು ನಾವು ಕನ್ನಡ ವಿಭಾಗದ ಗೋಡೆಗೆ ಫೋಟೋ ಮಾಡಿ ನೇತುಹಾಕಿದ್ದೇವೆ.

ಊರಿಗೆಲ್ಲ ಬುದ್ಧಿ ಹೇಳುವ ನಾನೂ ಸಾಚಾ ಅಲ್ಲ. ನನ್ನ ಪ್ರೆಸ್ಸಿನಲ್ಲಿ ಶಾಯಿ ತೊಳೆದ ನೀರು ಮೋರಿಗೇ ಹೋಗುತ್ತದೆ. ಮೋರಿ ರಾಜಕಾಲುವೆ ಸೇರುತ್ತದೆ. ಅದನ್ನು ಏನು ಮಾಡಬೇಕೆಂದು ಕೆಮಿಸ್ಟ್ರಿ ಓದಿದ ಯಾರಾದರೂ ಬಂದು ಹೇಳಿದರೆ ಮಾಡುತ್ತೇನೆ.

ಬೇರೆ ಬೇರೆ ವಿಷಯ ಓದುವ ಐದಾರು ಜನ ಸೇರಿ ನಿಮ್ಮ ಬಡಾವಣೆಯ ಒಂದು ರಾಜಕಾಲುವೆಯ ಗುಂಟ ಭಾನುವಾರ ನಡೆದು ಬನ್ನಿ. ಕಂಡದ್ದನ್ನು ಕನ್ನಡದಲ್ಲಿ ಬರೆದುಕೊಡಿ. ಅಚ್ಚಿನ ಕೂಲಿ ಬೇಡ, ಕಾಗದದ ಖರ್ಚು ಮಾತ್ರ ನಿಮ್ಮದು.